ಸಂಕ್ರಾಂತಿಯಿಂದ ಯುಗಾದಿವರೆಗೆ: ನಮ್ಮ ಕಡೆಯವರು ಯಾವ ಮ್ಯಾರಥಾನ್ ಓಡಬೇಕು?

ಡಿಸೆಂಬರ್ ಮುಂಜಾನೆ ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯಲ್ಲಿ ಓಡಿದರೆ ಯಾರಿಗಾದರೂ ಮ್ಯಾರಥಾನ್ ಆಸೆ ಹುಟ್ಟುತ್ತದೆ. ಹವೆ ತಣ್ಣಗಿರುತ್ತದೆ, ಉಸಿರು ಸಲೀಸಾಗಿ ಬರುತ್ತದೆ, ಹತ್ತು ಕಿಲೋಮೀಟರ್ ಮುಗಿದದ್ದೇ ಗೊತ್ತಾಗುವುದಿಲ್ಲ. ಅದೇ ಹುಮ್ಮಸ್ಸಿನಲ್ಲಿ ಮನೆಗೆ ಬಂದು, ಮೊಬೈಲ್ ತೆಗೆದು, ಕಣ್ಣಿಗೆ ಬಿದ್ದ ಓಟಕ್ಕೆ ದುಡ್ಡು ಕಟ್ಟಿಬಿಡುತ್ತೇವೆ.

ನಾನೂ ಒಮ್ಮೆ ಹಾಗೇ ಮಾಡಿದೆ. ಮಾರ್ಚ್ ಕೊನೆಯ ಓಟ ಅದು. 28ನೇ ಕಿಲೋಮೀಟರ್ ಹತ್ತಿರ ನೀರಿನ ಮೇಜು ಇತ್ತು, ನೀರು ಇರಲಿಲ್ಲ. ಖಾಲಿ ಕ್ಯಾನ್‌ಗಳನ್ನು ಬೋರಲು ಹಾಕಿದ್ದರು. ಅಲ್ಲಿದ್ದ ಹುಡುಗ "ಗಾಡಿ ಬರ್ತೈತ್ರೀ, ಹತ್ತ ನಿಮಿಷ" ಅಂದ. ಆಗ ಗಂಟೆ ಒಂಬತ್ತು. ಡಾಂಬರಿನ ಕಾವು ಮೊಣಕಾಲಿಗೆ ತಾಗುತ್ತಿತ್ತು. ಸ್ವಲ್ಪ ಮುಂದೆ ಕಬ್ಬಿನ ಹಾಲಿನ ಗಾಡಿಯವರು ಆಗಷ್ಟೇ ತಾಡಪತ್ರಿ ಬಿಚ್ಚುತ್ತಿದ್ದರು. ಅವರೇ ತಮ್ಮ ಕೊಡದಿಂದ ಎರಡು ಲೋಟ ನೀರು ಕೊಟ್ಟರು. ಉಳಿದ 14 ಕಿಲೋಮೀಟರ್‌ನಲ್ಲಿ ಹೆಚ್ಚುಪಾಲು ನಡೆದೇ ಮುಗಿಸಿದೆ.

ತರಬೇತಿಯಲ್ಲಿ ಕೊರತೆ ಇರಲಿಲ್ಲ. ನಾಲ್ಕು ತಿಂಗಳು ಒಂದು ಭಾನುವಾರವೂ ತಪ್ಪಿಸಿರಲಿಲ್ಲ. ಓಟವನ್ನು ಆರಿಸಿದ್ದೇ ತಪ್ಪಾಗಿತ್ತು. ಆಮೇಲೆ ಯಾವ ಓಟಕ್ಕೆ ಹೆಸರು ಕೊಡುವ ಮುಂಚೆಯೂ ಒಂದಿಷ್ಟು ಲೆಕ್ಕ ಹಾಕುವ ರೂಢಿ ಮಾಡಿಕೊಂಡೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಹೊರಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪಂಚಾಂಗದ ವಸಂತ ಯುಗಾದಿಗೆ ಶುರುವಾಗುತ್ತದೆ. ನಮ್ಮ ಕಡೆಯ ಓಟಗಾರರ ವಸಂತ ಅಷ್ಟೊತ್ತಿಗೆ ಮುಗಿದಿರುತ್ತದೆ. 42 ಕಿಲೋಮೀಟರ್ ಓಡಲು ನಮಗೆ ಸಿಗುವುದು ಸಂಕ್ರಾಂತಿಯಿಂದ ಶಿವರಾತ್ರಿವರೆಗಿನ ಐದಾರು ವಾರ ಮಾತ್ರ.

ಮೊದಲು: ನೀವು ಮುಗಿಸುವ ಹೊತ್ತು ಎಷ್ಟು?

ಎಲ್ಲರೂ ಓಟ ಶುರುವಾಗುವ ಹೊತ್ತು ನೋಡುತ್ತಾರೆ. "ಮುಂಜಾನೆ ಐದಕ್ಕೆ ಶುರು, ತಂಪೇ ಇರುತ್ತೆ" ಅಂದುಕೊಳ್ಳುತ್ತಾರೆ. ಆದರೆ ಮ್ಯಾರಥಾನ್ ಕಷ್ಟವಾಗುವುದು ಕೊನೆಯ 12 ಕಿಲೋಮೀಟರ್‌ನಲ್ಲಿ. ಆ ಹೊತ್ತಿಗೆ ಬಿಸಿಲು ಎಲ್ಲಿರುತ್ತದೆ ಅನ್ನುವುದೇ ಮುಖ್ಯ.

ಒಂದು ಕಾಗದ ತೆಗೆದುಕೊಳ್ಳಿ. ಇತ್ತೀಚೆಗೆ ಓಡಿದ ಹಾಫ್ ಮ್ಯಾರಥಾನ್ (21 ಕಿಲೋಮೀಟರ್) ಸಮಯ ಬರೆಯಿರಿ. ಅದನ್ನು 2.085ರಿಂದ ಗುಣಿಸಿ. ಓಟಗಾರರು ಬಹಳ ಕಾಲದಿಂದ ಬಳಸುವ ರೀಗಲ್ ಸೂತ್ರದಿಂದ ಬರುವ ಸಂಖ್ಯೆ ಇದು. ಹಾಫ್ 2 ಗಂಟೆ 15 ನಿಮಿಷವಾದರೆ ಫುಲ್, ಅಂದರೆ 42 ಕಿಲೋಮೀಟರ್, ಸುಮಾರು 4 ಗಂಟೆ 41 ನಿಮಿಷ. ಇದು ವಾರಕ್ಕೆ ಸಾಕಷ್ಟು ಕಿಲೋಮೀಟರ್ ಓಡುವವರ ಲೆಕ್ಕ. ಮೊದಲ ಸಲ ಓಡುವವರು ಇನ್ನೊಂದು 15–20 ನಿಮಿಷ ಸೇರಿಸಿ. ಅಂದರೆ ಐದು ಗಂಟೆ ಅಂತ ಇಟ್ಟುಕೊಳ್ಳಿ.

ಐದು ಗಂಟೆ ಅಂದರೆ ಕಿಲೋಮೀಟರಿಗೆ 7 ನಿಮಿಷ ಸ್ವಲ್ಪ ಮೇಲೆ. ಐದಕ್ಕೆ ಹೊರಟವರು 30ನೇ ಕಿಲೋಮೀಟರ್ ಮುಟ್ಟುವುದು ಎಂಟೂವರೆಗೆ, ಮುಗಿಸುವುದು ಹತ್ತಕ್ಕೆ. ಮೂರು ಗಂಟೆಯಲ್ಲಿ ಮುಗಿಸುವವರಿಗೂ ಐದು ಗಂಟೆಯಲ್ಲಿ ಮುಗಿಸುವವರಿಗೂ ಹೆಸರಿಗೆ ಒಂದೇ ಓಟ. ಹವೆ ಮಾತ್ರ ಬೇರೆ ಬೇರೆ.

ಆಮೇಲೆ: ಸೂರ್ಯ ಎಷ್ಟಕ್ಕೆ ಹುಟ್ಟುತ್ತಾನೆ?

ಇದನ್ನು ಯಾರೂ ನೋಡುವುದಿಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದೇ.

ದೇಶಕ್ಕೆಲ್ಲ ಗಡಿಯಾರ ಒಂದೇ. ಸೂರ್ಯ ಮಾತ್ರ ಪೂರ್ವದ ಊರಿಗೆ ಮೊದಲು ಬರುತ್ತಾನೆ. ಜನವರಿಯಲ್ಲಿ ಚೆನ್ನೈನಲ್ಲಿ ಸೂರ್ಯೋದಯ ಸುಮಾರು 6:35ಕ್ಕೆ. ಮುಂಬೈನಲ್ಲಿ ಸುಮಾರು 7:15ಕ್ಕೆ. ಎರಡೂ ಕಡೆ ಒಂದೇ ಹೊತ್ತಿಗೆ ಓಟ ಶುರುವಾದರೆ ಮುಂಬೈನಲ್ಲಿ ನಿಮಗೆ 40 ನಿಮಿಷ ಜಾಸ್ತಿ ಕತ್ತಲು ಸಿಗುತ್ತದೆ. ಅಷ್ಟರಲ್ಲಿ ಐದಾರು ಕಿಲೋಮೀಟರ್ ಆಗಿಹೋಗುತ್ತದೆ ಅಲ್ವಾ?

ಈಗ ನಮ್ಮ ಕಡೆಯ ಲೆಕ್ಕ. ಹುಬ್ಬಳ್ಳಿಯಲ್ಲಿ ಜನವರಿ ನಡುವೆ ಸೂರ್ಯ ಹುಟ್ಟುವುದು ಏಳರ ಸುಮಾರಿಗೆ, ಮಾರ್ಚ್ ಕೊನೆಗೆ ಆರೂವರೆಗೆ. ಮಾರ್ಚ್ ಕೊನೆಯ ಓಟ ಐದೂವರೆಗೆ ಶುರುವಾದರೆ ಐದು ಗಂಟೆ ತೆಗೆದುಕೊಳ್ಳುವವರು ನಾಲ್ಕು ಗಂಟೆ ಬಿಸಿಲಿನಲ್ಲೇ ಇರುತ್ತಾರೆ. ಅದೂ ಮಾರ್ಚ್ ಬಿಸಿಲು. ಜನವರಿಯಲ್ಲಿ ಮುಂಬೈನಲ್ಲಿ ಐದಕ್ಕೆ ಹೊರಟರೆ ಬಿಸಿಲು ಮೂರು ಗಂಟೆಗಿಂತ ಕಡಿಮೆ, ಅದರಲ್ಲೂ ಮೊದಲ ಒಂದು ಗಂಟೆ ಎಳೆ ಬಿಸಿಲು.

ನಿಮ್ಮ ಪಟ್ಟಿಯಲ್ಲಿರುವ ಪ್ರತಿ ಓಟದ ಮುಂದೆ "ಬಿಸಿಲಿನ ಗಂಟೆ" ಅಂತ ಒಂದು ಸಂಖ್ಯೆ ಬರೆಯಿರಿ. ಜನವರಿಯಾದರೆ ಮೂರರವರೆಗೆ ನಡೆಯುತ್ತದೆ. ಫೆಬ್ರವರಿ ನಡುವೆ ಕರಾವಳಿಯಲ್ಲಾದರೆ ಎರಡು ದಾಟಬಾರದು. ಮಾರ್ಚ್‌ನಲ್ಲಿ ಒಂದು ಗಂಟೆ ದಾಟುವ ಯಾವ ಓಟವನ್ನೂ ನಾನು ಆರಿಸುವುದಿಲ್ಲ. ಇದು ನನ್ನ ಮಿತಿ. ನಿಮ್ಮ ಮೈ ಬೇರೆ ಇರಬಹುದು, ಆದರೆ ಒಂದು ಮಿತಿ ಅಂತ ಇರಲಿ.

ಒಣ ಹವೆ, ಹಸಿ ಹವೆ

ಬೆವರು ಬಂದ ಮಾತ್ರಕ್ಕೆ ಮೈ ತಂಪಾಗುವುದಿಲ್ಲ. ಬೆವರು ಆರಿದಾಗ ತಂಪಾಗುತ್ತದೆ. ನಾವು ಇದನ್ನು ಮರೆಯಲು ಕಾರಣವಿದೆ. ಫೆಬ್ರವರಿಯಲ್ಲಿ ಧಾರವಾಡದಲ್ಲಿ ಎರಡು ಗಂಟೆ ಓಡಿ ಬಂದು ಕ್ಯಾಪ್ ತೆಗೆದು ನೋಡಿ. ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ ಇರುತ್ತದೆ, ಬಟ್ಟೆ ಅರ್ಧ ಒಣಗಿರುತ್ತದೆ. ಬೆವರು ಬಂದದ್ದೇ ಗೊತ್ತಾಗಿರುವುದಿಲ್ಲ. ಅದೇ ವೇಗದಲ್ಲಿ ಕಡಲ ಹತ್ತಿರದ ಊರಿನಲ್ಲಿ ಓಡಿ. ಅರ್ಧ ಗಂಟೆಗೆ ಬನಿಯನ್ ಮೈಗೆ ಅಂಟುತ್ತದೆ, ಒಂದು ಗಂಟೆಗೆ ಬೂಟಿನೊಳಗೆ ಪಚಪಚ ಅನ್ನುತ್ತದೆ. ಗಾಳಿಯಲ್ಲಿ ಮೊದಲೇ ತೇವ ತುಂಬಿದೆ, ಬೆವರು ಆರಲು ಜಾಗ ಇಲ್ಲ. ಅದು ಸುಮ್ನೆ ಸುರಿಯುತ್ತದೆ, ಮೈಯೊಳಗಿನ ಕಾವು ಹಾಗೇ ಉಳಿಯುತ್ತದೆ.

ಹಾಗಾಗಿ ನಮ್ಮ ಕಡೆಯವರು ಕರಾವಳಿಯ ಓಟಕ್ಕೆ ಹೋದಾಗ ಇಲ್ಲಿನ ಪೇಸ್ (ಕಿಲೋಮೀಟರಿಗೆ ಇಷ್ಟು ನಿಮಿಷ ಅನ್ನುವ ವೇಗ) ಇಟ್ಟುಕೊಂಡರೆ 25ನೇ ಕಿಲೋಮೀಟರ್ ಹೊತ್ತಿಗೆ ಸೋಲುತ್ತಾರೆ. ಕಿಲೋಮೀಟರಿಗೆ 15–20 ಸೆಕೆಂಡ್ ನಿಧಾನವಾಗಿಯೇ ಶುರು ಮಾಡಿ. ಒಳ್ಳೆಯ ಟೈಮಿಂಗ್ ಬೇಕು ಅನ್ನುವವರು ಕಡಲು ಬಿಟ್ಟು ಒಳನಾಡಿನ, ತಣ್ಣನೆ ಊರಿನ ಓಟ ಹುಡುಕಬೇಕು. ಮ್ಯಾರಥಾನ್‌ಗೆ ಹೇಳಿ ಮಾಡಿಸಿದ ಹವೆ ಅಂದರೆ 10 ಡಿಗ್ರಿ ಆಸುಪಾಸು.

ಇನ್ನೊಂದು ಸಣ್ಣ ಪರೀಕ್ಷೆ ಮಾಡಿ. ಒಂದು ಗಂಟೆ ಓಡುವ ಮೊದಲು ಮತ್ತು ಓಡಿದ ಮೇಲೆ, ಮೈ ಒರೆಸಿಕೊಂಡು, ತೂಕ ನೋಡಿ. ನಡುವೆ ಏನೂ ಕುಡಿಯಬೇಡಿ. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು ಹೋಗಿದೆ. ಗಂಟೆಗೆ ಒಂದು ಲೀಟರ್‌ಗಿಂತ ಜಾಸ್ತಿ ಬೆವರುವವರು ಕರಾವಳಿಯಲ್ಲಿ ಫುಲ್ ಬದಲು ಹಾಫ್ ಓಡುವುದೇ ಒಳ್ಳೆಯದು.

ಹಬ್ಬಗಳ ಕ್ಯಾಲೆಂಡರ್ ಹಿಂದಕ್ಕೆ ಎಣಿಸಿ

ಹಾಫ್ ಓಡಿ ಅಭ್ಯಾಸ ಇದ್ದವರಿಗೂ ಫುಲ್‌ಗೆ 16ರಿಂದ 18 ವಾರ ಬೇಕು. ಗೋಡೆಯ ಮೇಲಿನ ಕ್ಯಾಲೆಂಡರ್ ಇಳಿಸಿ, ಓಟದ ದಿನದಿಂದ ಹಿಂದಕ್ಕೆ ಎಣಿಸಿ.

ಜನವರಿ ಮೂರನೇ ಭಾನುವಾರದ ಓಟಕ್ಕೆ ಸೆಪ್ಟೆಂಬರ್ ನಡುವೆ ಶುರು ಮಾಡಬೇಕು. ಗಣಪತಿ ಹಬ್ಬದ ಗದ್ದಲ, ಧಾರವಾಡದ ಜಿಟಿಜಿಟಿ ಮಳೆ ಎರಡೂ ಇರುತ್ತವೆ. ಆದರೆ ಅತಿ ಉದ್ದದ ಓಟಗಳು, ಅಂದರೆ 28–32 ಕಿಲೋಮೀಟರ್‌ನವು, ಓಟಕ್ಕೆ ಮೂರರಿಂದ ಐದು ವಾರ ಮುಂಚೆ ಬರುತ್ತವೆ. ಅದು ಡಿಸೆಂಬರ್. ನಮ್ಮಲ್ಲಿ ವರ್ಷದ ಅತಿ ತಣ್ಣನೆ ದಿನಗಳು. ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಬೇರೆ ಇಲ್ಲ.

ಫೆಬ್ರವರಿ ಓಟಕ್ಕೆ ಅಕ್ಟೋಬರ್‌ನಿಂದ ನವೆಂಬರ್ ಮೊದಲ ವಾರದೊಳಗೆ ಶುರು ಮಾಡಿ. ದೀಪಾವಳಿಯ ಒಂದು ವಾರ ಹೋಗುತ್ತದೆ, ಹೋಗಲಿ. ಉದ್ದದ ಓಟಗಳು ಸಂಕ್ರಾಂತಿ ಆಸುಪಾಸಿಗೆ ಬೀಳುತ್ತವೆ. ಇದೂ ಅನುಕೂಲ.

ಮಾರ್ಚ್ ಕೊನೆಯ ಓಟವಾದರೆ 30 ಕಿಲೋಮೀಟರ್ ಓಡಬೇಕಾದದ್ದು ಫೆಬ್ರವರಿ ಕೊನೆಗೆ. ಅಷ್ಟೊತ್ತಿಗೆ ಒಂಬತ್ತಕ್ಕೇ ಬಿಸಿಲು ಚುರುಕು. ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆ, ಆಮೇಲೆ ಮಕ್ಕಳ ಪರೀಕ್ಷೆ, ಮದುವೆ ಸೀಸನ್. ಗದಗದ ನನ್ನ ಗೆಳೆಯನೊಬ್ಬ ಇದನ್ನು ಒಪ್ಪುತ್ತಿರಲಿಲ್ಲ. "ಮಾರ್ಚ್‌ದಾಗ ಆದ್ರ ಇನ್ನೂ ಎರಡ ತಿಂಗಳ ಜಾಸ್ತಿ ಸಿಗ್ತಾವಲ್ಲೋ ದೋಸ್ತ" ಅನ್ನುತ್ತಿದ್ದ. ಇಬ್ಬರೂ ಕೂತು ಭಾನುವಾರಗಳನ್ನು ಒಂದೊಂದಾಗಿ ಎಣಿಸಿದೆವು. ಫೆಬ್ರವರಿ, ಮಾರ್ಚ್‌ನಲ್ಲಿ ಅವನಿಗೆ ನಿಜವಾಗಿ ಖಾಲಿ ಸಿಕ್ಕ ಭಾನುವಾರಗಳು ಮೂರೇ. ಆ ವರ್ಷ ಫುಲ್ ಬಿಟ್ಟು ಫೆಬ್ರವರಿಯಲ್ಲಿ ಹಾಫ್ ಓಡಿದ, ಮುಂದಿನ ಜನವರಿಗೆ ಫುಲ್ ಇಟ್ಟುಕೊಂಡ.

ಈಗ ಓಟಗಳನ್ನು ಒಂದೊಂದಾಗಿ ನೋಡೋಣ

ಮುಂಬೈ ಮ್ಯಾರಥಾನ್ 2004ರಿಂದ ನಡೆಯುತ್ತಿದೆ, ಜನವರಿ ಮೂರನೇ ಭಾನುವಾರ. ನಮ್ಮ ಕಡೆಯವರಿಗೆ ಮೊದಲ ಫುಲ್‌ಗೆ ನಾನು ಹೇಳುವುದು ಇದನ್ನೇ. ತರಬೇತಿಯ ದಿನಗಳು ಹೊಂದುತ್ತವೆ, ಸೂರ್ಯ ತಡವಾಗಿ ಬರುತ್ತಾನೆ, ರಸ್ತೆ ಪೂರ್ತಿ ಬಂದ್ ಇರುತ್ತದೆ, ಮನೆ ಮುಂದೆ ನಿಂತು ಕಿತ್ತಳೆ, ಬಿಸ್ಕೀಟು ಕೊಡುವ ಜನ ಕೊನೆವರೆಗೂ ಇರುತ್ತಾರೆ. ಬಾಂದ್ರಾ–ವರ್ಲಿ ಸೀ ಲಿಂಕ್ ಮೇಲೆ ಕಾಲಿಟ್ಟು ಓಡುವ ಅವಕಾಶ ಬೇರೆ. ಕಷ್ಟಗಳೂ ಇವೆ. ಹವೆ ತೇವ. ಕಾಲು ಸೋತ ಮೇಲೆ, ಕೊನೆಯ ಭಾಗದಲ್ಲಿ, ಪೆಡ್ಡರ್ ರೋಡ್ ಏರು ಬರುತ್ತದೆ. ಫುಲ್‌ಗೆ ಹೆಸರು ಕೊಡಲು ಹಿಂದಿನ ಓಟದ ಟೈಮಿಂಗ್ ಸರ್ಟಿಫಿಕೇಟ್ ಕೇಳುತ್ತಾರೆ, ಜಾಗ ಬೇಗ ತುಂಬುತ್ತದೆ. ಅದಕ್ಕೆ ಹಿಂದಿನ ವರ್ಷವೇ ಒಂದು ಹಾಫ್ ಓಡಿ ಸರ್ಟಿಫಿಕೇಟ್ ಇಟ್ಟುಕೊಳ್ಳಿ. ಗೋವಾದ ವಾಸ್ಕೊ ಕಡೆ ಡಿಸೆಂಬರ್‌ನಲ್ಲಿ ನಡೆಯುವ ರಿವರ್ ಮ್ಯಾರಥಾನ್, ಅಕ್ಟೋಬರ್ ಸುಮಾರಿಗೆ ಬರುವ ಬೆಂಗಳೂರು ಮ್ಯಾರಥಾನ್ ಎರಡೂ ನಮಗೆ ಹತ್ತಿರ.

ಮಣಿಪಾಲ ಮ್ಯಾರಥಾನ್ ಫೆಬ್ರವರಿಯಲ್ಲಿ. ಕನ್ನಡದ ಊರು, ವಿದ್ಯಾರ್ಥಿಗಳ ಸಡಗರ, ಓಡಿ ಮುಗಿಸಿದ ಮೇಲೆ ಉಡುಪಿಯ ಊಟ. ಆದರೆ ಮಣಿಪಾಲ ಇರುವುದೇ ಗುಡ್ಡದ ಮೇಲೆ. ಏರಿಳಿತ ತಪ್ಪಿದ್ದಲ್ಲ, ಜತೆಗೆ ಕಡಲ ತೇವ, ಫೆಬ್ರವರಿಯ ಕಾವು. ಹಾಫ್‌ಗೆ ಬಹಳ ಒಳ್ಳೆಯ ಓಟ. ಮೊದಲ ಫುಲ್‌ಗೆ ಬೇಡ.

ದೆಹಲಿ ಮ್ಯಾರಥಾನ್ ಫೆಬ್ರವರಿ ಕೊನೆಗೆ. ದಾರಿ ಸಮತಟ್ಟು, ಮುಂಜಾನೆ ಹವೆ ತಣ್ಣಗೆ. ರಾಷ್ಟ್ರೀಯ ಚಾಂಪಿಯನ್‌ಶಿಪ್ ಕೂಡ ಅದರಲ್ಲೇ ನಡೆಯುತ್ತ ಬಂದಿದೆ. ನಾಲ್ಕು ಗಂಟೆಯೊಳಗೆ ಮುಗಿಸಬೇಕು ಅಂತ ಪಣ ತೊಟ್ಟವರು ದೂರ ಲೆಕ್ಕಿಸದೆ ಇಲ್ಲಿಗೆ ಹೋಗಿ.

ಚೆನ್ನೈ ಜನವರಿ ಮೊದಲ ಭಾಗದಲ್ಲಿ ಬರುತ್ತದೆ. ಸಮತಟ್ಟು, ಆದರೆ ಸೂರ್ಯ ಬೇಗ, ತೇವ ಜಾಸ್ತಿ. ಮುಂಬೈ ಸಿಕ್ಕರೆ ಚೆನ್ನೈ ಬೇಕಿಲ್ಲ. ಅರೋವಿಲ್‌ನ ಫೆಬ್ರವರಿ ಓಟ ಕೆಂಪು ಮಣ್ಣಿನ ಹಾದಿಯದ್ದು, ಮರಗಳ ನಡುವೆ. ಟೈಮಿಂಗ್ ಚಿಂತೆ ಬಿಟ್ಟು ಓಡುವವರಿಗೆ ಅದು ಸರಿ.

ಏಪ್ರಿಲ್ ಬಂತೆಂದರೆ ಹತ್ತು ಕಿಲೋಮೀಟರ್ ಸಾಕು. ಬೆಂಗಳೂರಿನ ವರ್ಲ್ಡ್ 10ಕೆ 2008ರಿಂದ ನಡೆಯುತ್ತಿದೆ, ಈಗ ಏಪ್ರಿಲ್ ಕೊನೆಗೆ ಇಲ್ಲವೇ ಮೇ ತಿಂಗಳಲ್ಲಿ ಬರುತ್ತದೆ. ಊರು 900 ಮೀಟರ್ ಎತ್ತರದಲ್ಲಿದೆ, ಓಟ ಬೇಗ ಮುಗಿಯುತ್ತದೆ. ಚಳಿಗಾಲದ ತರಬೇತಿಯ ಫಲ ನೋಡಲು ಒಳ್ಳೆಯ ಜಾಗ.

ನಮ್ಮ ಊರುಗಳ ಸಣ್ಣ ಓಟಗಳು

ನಮ್ಮ ಜಿಲ್ಲೆಗಳಲ್ಲಿ ಸಂಘ ಸಂಸ್ಥೆಗಳು ಆಗಾಗ 5, 10, 21 ಕಿಲೋಮೀಟರ್ ಓಟ ಏರ್ಪಡಿಸುತ್ತವೆ. ಅವು ಬೆಳೆಯಬೇಕು ಅನ್ನುವುದು ನನ್ನ ಆಸೆ, ಕೈಲಾದಾಗೆಲ್ಲ ಹೋಗುತ್ತೇನೆ. ಆದರೆ ದುಡ್ಡು ಕಟ್ಟುವ ಮುಂಚೆ ಫೋನ್ ಮಾಡಿ ಕೆಲವು ವಿಷಯ ಕೇಳಿ. ಕೇಳಲು ಸಂಕೋಚ ಬೇಡ.

ದೂರ ಅಳೆದದ್ದು ಹೇಗೆ? ಪ್ರಮಾಣಿತ ಓಟಗಳಲ್ಲಿ ಸೈಕಲ್ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಸಾಧನ ಜೋಡಿಸಿ, ತಿರುವುಗಳಲ್ಲಿ ಅತಿ ಹತ್ತಿರದ ದಾರಿ ಹಿಡಿದು ಅಳೆಯುತ್ತಾರೆ. ದಾರಿ ಕಡಿಮೆ ಬೀಳದಿರಲಿ ಅಂತ ಸಾವಿರಕ್ಕೆ ಒಂದು ಪಾಲು ಸೇರಿಸುತ್ತಾರೆ. ಮ್ಯಾರಥಾನ್‌ನಲ್ಲಿ ಅದು 42 ಮೀಟರ್. "ಕಾರಿನ ಮೀಟರ್ ನೋಡಿ ಹಾಕೀವ್ರಿ" ಅಂದರೆ ಖುಷಿಗೆ ಓಡಿ, ಟೈಮಿಂಗ್ ಸರ್ಟಿಫಿಕೇಟ್ ನಂಬಿಕೊಂಡು ಮುಂದಿನ ಓಟಕ್ಕೆ ಅರ್ಜಿ ಹಾಕಬೇಡಿ.

ನೀರಿನ ಮೇಜು ಎಷ್ಟು ಕಿಲೋಮೀಟರಿಗೊಂದು? ಎರಡೂವರೆಗೆ ಒಂದಾದರೂ ಇರಬೇಕು. ಕೊನೆಯ ಓಟಗಾರ ಬರುವವರೆಗೂ ನೀರು ಇರುತ್ತದಾ? ನನಗೆ ಆದ ಪಾಡು ನಿಮಗೆ ಆಗಬಾರದು. ಓಆರ್‌ಎಸ್ ಇದೆಯಾ? ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ? ದಾರಿಯಲ್ಲಿ ಶೌಚಾಲಯ ಇದೆಯಾ? ಹೆಣ್ಣುಮಕ್ಕಳು ಎಷ್ಟೋ ಜನ ಇದೊಂದೇ ಕಾರಣಕ್ಕೆ ಮುಂಜಾನೆಯಿಂದ ನೀರು ಕುಡಿಯದೆ ಓಡುತ್ತಾರೆ. ಅದು ಅಪಾಯ. ಉತ್ತರ ಸರಿಯಾಗಿ ಬರದಿದ್ದರೆ ಆ ಓಟ ಬಿಡಿ.

ನೀರಿನ ಬಗ್ಗೆ ಇನ್ನೊಂದು ಮಾತು. ಹೆದರಿಕೊಂಡು ಪ್ರತಿ ಮೇಜಿನಲ್ಲೂ ಬರೀ ನೀರು ಹೊಟ್ಟೆ ತುಂಬ ಕುಡಿಯುವುದೂ ತಪ್ಪು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ, ಅಂದರೆ ರಕ್ತದಲ್ಲಿನ ಉಪ್ಪಿನಂಶ, ಇಳಿದಿತ್ತು. ಬರೀ ನೀರು ಅತಿಯಾದರೆ ಹೀಗಾಗುತ್ತದೆ. ಬಾಯಾರಿದಾಗ ಕುಡಿಯಿರಿ, ನಡುನಡುವೆ ಓಆರ್‌ಎಸ್ ಇರಲಿ. ಒಂದು ಲೀಟರ್‌ಗೆ ಒಂದು ದೊಡ್ಡ ಪ್ಯಾಕೆಟ್ ಅನ್ನುವ ಅಳತೆ ಬದಲಿಸಬೇಡಿ.

ಹೋಗಿ ಬರುವ ದಾರಿ

ದೊಡ್ಡ ಓಟಗಳಲ್ಲಿ ಬಿಬ್ (ಅಂಗಿಗೆ ಚುಚ್ಚಿಕೊಳ್ಳುವ ನಂಬರಿನ ಚೀಟಿ) ಓಟದ ದಿನ ಕೊಡುವುದಿಲ್ಲ. ಮುಂಬೈನಲ್ಲಿ ಶನಿವಾರದೊಳಗೆ ನೀವೇ ಹೋಗಿ ಇಸಿದುಕೊಳ್ಳಬೇಕು. ಹಾಗಾಗಿ ಶುಕ್ರವಾರ ರಾತ್ರಿ ಹುಬ್ಬಳ್ಳಿ ಬಿಡುವುದು ಸರಿ. 2024ರ ನವೆಂಬರ್‌ನಿಂದ ರೈಲು ಟಿಕೆಟ್ 60 ದಿನ ಮುಂಚೆ ಮಾತ್ರ ತೆರೆಯುತ್ತದೆ. ಓಟಕ್ಕೆ ಹೆಸರು ಕೊಟ್ಟು ತಿಂಗಳುಗಳಾದ ಮೇಲೆ ಟಿಕೆಟ್ ಸರದಿ ಬರುತ್ತದೆ, ಆಗ ಮರೆತೇ ಹೋಗಿರುತ್ತದೆ. ಹೆಸರು ಕೊಟ್ಟ ದಿನವೇ ಮೊಬೈಲ್‌ನಲ್ಲಿ ಆ ತಾರೀಖಿಗೆ ಅಲಾರಂ ಇಡಿ.

ಮಣಿಪಾಲಕ್ಕೆ ಇಲ್ಲಿಂದ ಬಸ್ಸೇ ಗತಿ. ಹುಬ್ಬಳ್ಳಿ–ಅಂಕೋಲಾ ರೈಲು ದಾರಿಗೆ ನಾವು ಕಾಯುತ್ತಲೇ ಇದ್ದೇವೆ. ಯಲ್ಲಾಪುರ ದಾಟಿ ಅರಬೈಲ್ ಘಾಟಿನ ತಿರುವುಗಳಲ್ಲಿ ಸ್ಲೀಪರ್ ಬಸ್ಸಿನಲ್ಲೂ ನಿದ್ದೆ ಬರುವುದಿಲ್ಲ. ಓಟದ ಹಿಂದಿನ ರಾತ್ರಿ ಅಲ್ಲ, ಅದಕ್ಕೂ ಹಿಂದಿನ ರಾತ್ರಿ ಹೋಗಿ.

ಬುತ್ತಿ ಕಟ್ಟಿಕೊಂಡು ಹೋಗಿ, ಹೊಸ ಊರಿನ ಊಟ ಓಟ ಮುಗಿದ ಮೇಲೆ ಇರಲಿ. ಹಿಂದಿನ ದಿನ ಜೋಳದ ರೊಟ್ಟಿ, ಕಾಳು ಪಲ್ಯ ಬೇಡ. ಅವುಗಳ ನಾರು ಮುಂಜಾನೆ ಹೊಟ್ಟೆಗೆ ತೊಂದರೆ ಕೊಡುತ್ತದೆ. ಅನ್ನ, ಮೊಸರು, ಚಪಾತಿ ಸಾಕು.

ಆರಿಸಿದ ಓಟಕ್ಕೆ ತಕ್ಕ ರಸ್ತೆ

ಓಟ ಗಟ್ಟಿಯಾದ ಮೇಲೆ ನಮ್ಮ ರಸ್ತೆಗಳಲ್ಲೇ ಅದರ ನಕಲು ಮಾಡಬಹುದು. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ಮುಂಬೈಗೆ ಹೋಗುವವರು ಉದ್ದದ ಓಟವನ್ನು ಧಾರವಾಡದಿಂದ ಶುರು ಮಾಡಿ, ಸತ್ತೂರು, ನವಲೂರು, ನವನಗರದ ಕಡೆ ಇಳಿದು, ತಿರುಗಿ ಏರುತ್ತ ಬನ್ನಿ. ಕಾಲು ಸೋತ ಮೇಲೆ ಏರುವ ಅಭ್ಯಾಸ ಆಗುತ್ತದೆ. ಹುಬ್ಬಳ್ಳಿಯಿಂದ ಶುರು ಮಾಡಿದರೆ ಏರು ಮೊದಲೇ ಮುಗಿದುಹೋಗುತ್ತದೆ. ಹುಬ್ಬಳ್ಳಿ–ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಮೀಸಲು ಲೇನಿನೊಳಗೆ ಮಾತ್ರ ಇಳಿಯಬೇಡಿ. ಕತ್ತಲಲ್ಲಿ ಅವು ಜೋರಾಗಿ ಬರುತ್ತವೆ, ಮೈಮೇಲೆ ಹೊಳೆಯುವ ಪಟ್ಟಿ ಇರಲಿ.

ಮಣಿಪಾಲಕ್ಕೆ ನೃಪತುಂಗ ಬೆಟ್ಟದ ಏರು, ಇಲ್ಲವೇ ಕರ್ನಾಟಕ ವಿಶ್ವವಿದ್ಯಾಲಯದ ಆವರಣ. ದೆಹಲಿಯ ಸಮತಟ್ಟು ದಾರಿಗೆ ಗದಗದಿಂದ ರೋಣ, ನರಗುಂದ ಕಡೆಯ ಎರೆ ಹೊಲಗಳ ನಡುವಿನ ರಸ್ತೆ. ಅಲ್ಲಿ ಒಂದೇ ಪೇಸ್‌ನಲ್ಲಿ ಗಂಟೆಗಟ್ಟಲೆ ಓಡಬಹುದು. ಹಾವೇರಿಯವರು ಹೆದ್ದಾರಿ ಬಿಟ್ಟು ಹೆಗ್ಗೇರಿ ಕೆರೆ ಕಡೆ ಹೋಗಿ.

ಕಡಲ ಹವೆಗೆ ಇಲ್ಲಿ ಪೂರ್ತಿ ತಯಾರಾಗಲು ಆಗುವುದಿಲ್ಲ, ಸ್ವಲ್ಪ ಆಗುತ್ತದೆ. ಮೈ ಕಾವಿಗೆ ಒಗ್ಗಲು 10ರಿಂದ 14 ದಿನ ಬೇಕು. ಕೊನೆಯ ಎರಡು ವಾರ ನಿಧಾನದ ಓಟಗಳನ್ನು ನಸುಕಿನ ಬದಲು ಬಿಸಿಲೇರಿದ ಮೇಲೆ, ಮೇಲೊಂದು ಜಾಸ್ತಿ ಅಂಗಿ ಹಾಕಿಕೊಂಡು, ನಲವತ್ತೈದು ನಿಮಿಷ ಮಾಡಿ. ಒಬ್ಬರೇ ಮಾಡಬೇಡಿ. ತಲೆ ಸುತ್ತಿದರೆ, ಚಳಿ ಬಂದಂತಾದರೆ, ಮಾತು ತಡವರಿಸಿದರೆ ಅಲ್ಲೇ ನಿಲ್ಲಿಸಿ, ನೆರಳಿಗೆ ಬಂದು, ತಲೆ ಮತ್ತು ಕತ್ತಿಗೆ ತಣ್ಣೀರು ಸುರಿದುಕೊಳ್ಳಿ. ಮಾತು ಸರಿಹೋಗದಿದ್ದರೆ ಜತೆಗಿದ್ದವರು ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಓಟದ ದಿನವೂ ಇದೇ. ಜತೆಗೆ ಓಡುವವರಿಗೆ ಈ ಗುರುತುಗಳನ್ನು ಮೊದಲೇ ಹೇಳಿಟ್ಟಿರಿ. ಆ ಹೊತ್ತಿಗೆ ಓಡುವವರಿಗೆ ತಮಗೇನಾಗುತ್ತಿದೆ ಅನ್ನುವುದು ತಿಳಿಯುವುದಿಲ್ಲ, ಪಕ್ಕದಲ್ಲಿದ್ದವರಿಗೆ ಕಾಣುತ್ತದೆ.